ಅಕ್ಕನ ಮೂಗಿನ ಅಳತೆ

ಬೆಳಿಗ್ಗೆ ಒಂಬತ್ತೂವರೆಗೆ ಅಂಗಡಿಯ ಬಾಗಿಲು ತೆಗೆಯಲು ಅವಳು ಹೊರಟರೆ, ಔಷಧಿ ಅಂಗಡಿಯ ಮೂಲೆಯಲ್ಲಿ ನಿಂತ ಮೂರು ನಾಲ್ಕು ಜನ ಮೀಸೆ ಬಂದ ಹುಡುಗರು ಸಿಗರೇಟನ್ನು ಬೆನ್ನ ಹಿಂದೆ ಅಡಗಿಸಿ, ನೆಟ್ಟಗೆ ನಿಂತು, "ನಮಸ್ಕಾರ ಟೀಚರ್" ಎನ್ನುತ್ತಿದ್ದರು. ಅವರ ಬೆನ್ನ ಹಿಂದಿನಿಂದ ಹೊಗೆ ಮಾತ್ರ ಯಾರ ಮುಲಾಜೂ ಇಲ್ಲದೆ ಮೇಲೇಳುತ್ತಿತ್ತು.

ಅವಳು ಟೀಚರ್ ಅಲ್ಲ. ಕನ್ನಡಕದ ಅಂಗಡಿ ಇಟ್ಟುಕೊಂಡವಳು. ಊರಿನವರ ಬಾಯಲ್ಲಿ ಕನ್ನಡಕದಕ್ಕ. ಹುಡುಗರು ಹೆದರುತ್ತಿದ್ದ ಲೆಕ್ಕದ ಟೀಚರ್ ಅವಳ ಅವಳಿ ಅಕ್ಕ. ಮೊದಮೊದಲು ಅವಳು ನಿಂತು, "ನಾನು ಟೀಚರ್ ಅಲ್ಲಪ್ಪ, ಅವರ ತಂಗಿ" ಎಂದು ಸಮಾಧಾನದಿಂದ ಬಿಡಿಸಿ ಹೇಳುತ್ತಿದ್ದಳು. ಹುಡುಗರು ಅಷ್ಟೇ ಭಕ್ತಿಯಿಂದ, "ಸರಿ ಟೀಚರ್" ಎನ್ನುತ್ತಿದ್ದರು. ಒಂದೆರಡು ವರ್ಷ ಹೇಳಿ ಹೇಳಿ ಬಾಯಿ ಸೋತ ಮೇಲೆ ಅವಳು ಸುಮ್ಮನೆ ಕತ್ತಾಡಿಸಿ ಮುಂದೆ ಹೋಗುವುದನ್ನು ರೂಢಿ ಮಾಡಿಕೊಂಡಳು.

ಅಕ್ಕ ಹುಟ್ಟಿದ ಹನ್ನೊಂದು ನಿಮಿಷಕ್ಕೆ ತಂಗಿ ಹುಟ್ಟಿದ್ದಳು. ಆ ಹನ್ನೊಂದು ನಿಮಿಷವನ್ನು ಅಕ್ಕ ಜೀವಮಾನವಿಡೀ ದುಡಿಸಿಕೊಂಡಳು. ಕಿಟಕಿ ಪಕ್ಕದ ಹಾಸಿಗೆ ಅಕ್ಕನಿಗೆ, ಮೊದಲ ಸ್ನಾನ ಅಕ್ಕನಿಗೆ, ಯಾಕೆ ಎಂದು ಕೇಳಿದರೆ, "ನಾನು ದೊಡ್ಡೋಳು." ಮುಖ ಮಾತ್ರ ಒಂದೇ ಎರಕದ್ದು. ಅದೇ ಅಗಲ ಹಣೆ, ಅದೇ ಗಲ್ಲದ ಕುಳಿ, ನಗುವಾಗ ಅದೇ ಥರ ಕಣ್ಣು ಮುಚ್ಚಿಕೊಳ್ಳುವುದು. ಇಬ್ಬರೂ ತೊಟ್ಟಿಲಲ್ಲಿದ್ದಾಗ ಅಮ್ಮನಿಗೆ ಸಹಾಯಕ್ಕೆಂದು ಬಂದಿದ್ದ ಸೋದರತ್ತೆ ಕೆಮ್ಮಿನ ಔಷಧಿಯನ್ನು ಒಬ್ಬಳಿಗೇ ಎರಡು ಸಲ ಕುಡಿಸಿದ್ದಳಂತೆ. ಒಬ್ಬಳು ಎರಡು ದಿನ ಒಂದೇ ಸಮನೆ ನಿದ್ದೆ ಹೊಡೆದಳು, ಇನ್ನೊಬ್ಬಳು ಎರಡು ದಿನ ಒಂದೇ ಸಮನೆ ಕೆಮ್ಮಿದಳು. ಅಂದಿನಿಂದ ಅಮ್ಮ ತಂಗಿಯ ಮಣಿಕಟ್ಟಿಗೆ ಒಂದು ಕಪ್ಪು ದಾರ ಕಟ್ಟಿದರು. ತನ್ನದೇ ಆದದ್ದು ಎಂದು ಈ ಲೋಕದಲ್ಲಿ ತಂಗಿಗೆ ಸಿಕ್ಕಿದ ಮೊದಲ ಆಸ್ತಿ ಆ ದಾರ.

ಅಪ್ಪ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಅಮ್ಮ ಒಂದೇ ಥಾನಿನ ಬಟ್ಟೆ ತಂದು, ಒಂದೇ ಅಳತೆಗೆ ಎರಡು ಅಂಗಿ ಹೊಲಿಯುತ್ತಿದ್ದರು. ಹೀಗೆ ಮಾಡಿದರೆ ತುಂಡು ಬಟ್ಟೆ ಹಾಳಾಗುವುದಿಲ್ಲ ಎನ್ನುವುದು ಅವರ ವಾದ. ಸಂಜೆ ಮನೆಗೆ ಬಂದ ಅಪ್ಪ ಚಪ್ಪಲಿ ಬಿಡುತ್ತಾ, "ಇಬ್ಬರಲ್ಲಿ ಯಾರಾದ್ರೂ ಒಬ್ಬಳು ನೀರು ತಾರೇ" ಎನ್ನುತ್ತಿದ್ದರು. ಯಾರಾದರೂ ಒಬ್ಬಳು! ತಂಗಿಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ತನ್ನನ್ನೇ, ತನ್ನೊಬ್ಬಳನ್ನೇ, ನೀರು ತರಲಿಕ್ಕಾದರೂ ಸರಿ, ಯಾರಾದರೂ ಕರೆಯಬೇಕು ಎನ್ನುವುದು ಅವಳ ಆಸೆ.

ಹನ್ನೆರಡನೇ ವಯಸ್ಸಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಅಮ್ಮನ ಹೊಲಿಗೆಯ ಕತ್ತರಿ ತೆಗೆದುಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಸೊಂಟದವರೆಗೆ ಬರುತ್ತಿದ್ದ ಜಡೆಯನ್ನು ಕಿವಿಯ ಬುಡಕ್ಕೆ ಕತ್ತರಿಸಿ ಹೊರಗೆ ಬಂದಳು. ಅಮ್ಮ ತಲೆಯ ಮೇಲೆ ಕೈ ಹೊತ್ತು ಕೂತರು. ಅಪ್ಪ ಜೋರಾಗಿ ಬೈದರು. ತಂಗಿ ಬೈಗುಳವನ್ನೆಲ್ಲ ಪಾಯಸ ಕುಡಿದ ಹಾಗೆ ಕುಡಿದಳು. ಅಷ್ಟೂ ಬೈಗುಳ ಅವಳೊಬ್ಬಳದೇ ಆಗಿತ್ತು. ಕನ್ನಡಿಯಲ್ಲಿ ಕಂಡ ಮುಖ ಅಕ್ಕನದಲ್ಲ, ತನ್ನದು.

ಮಾರನೇ ಬೆಳಿಗ್ಗೆ ಎದ್ದು ನೋಡಿದರೆ ಅಕ್ಕನ ಜಡೆಯೂ ಇಲ್ಲ. ಅಕ್ಕ ಹಾಸಿಗೆಯ ಮೇಲೆ ಕೂತು, ಹೆಚ್ಚುಕಡಿಮೆಯಾಗಿ ಕತ್ತರಿಸಿದ ಕೂದಲನ್ನು ಬೆರಳಿನಿಂದ ಬಾಚಿಕೊಳ್ಳುತ್ತಿದ್ದಳು.

"ಯಾಕೇ ಹೀಗ್ ಮಾಡಿದೆ?" ಎಂದು ತಂಗಿ ಕಿರುಚಿದಳು.

"ನೀನೊಬ್ಬಳೇ ಬೈಸ್ಕೊಳ್ತಿದ್ದೆ. ನೋಡೋಕಾಗ್ಲಿಲ್ಲ" ಎಂದಳು ಅಕ್ಕ.

ಇಂಥವಳ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ತಂಗಿ ಹೊದಿಕೆಯೊಳಗೆ ಮುಖ ಹುದುಗಿಸಿ ಅತ್ತಳು. ಅಕ್ಕ ಅವಳ ಬೆನ್ನು ಸವರಿದಳು. ಅಮ್ಮ ಉಳಿದ ಕತ್ತರಿ ಕೆಲಸ ಮುಗಿಸಿ ಇಬ್ಬರ ಕೂದಲನ್ನೂ ಒಂದೇ ಮಟ್ಟಕ್ಕೆ ತಂದರು.

ಅವಳಿಗೆ ತನ್ನದೆಂಬ ದಾರಿ ಸಿಕ್ಕಿದ್ದು ಅಪ್ಪನ ಕಣ್ಣಿನಿಂದ. ಸಣ್ಣ ಮೊಳೆಗಳನ್ನು ನೋಡಿ ನೋಡಿ ಅಪ್ಪನ ದೃಷ್ಟಿ ಮಂಜಾಯಿತು. ಶಾಲೆ ಮುಗಿಸಿ ಮುಂದೇನು ಎಂದು ಕೂತಿದ್ದ ತಂಗಿ ಅವರ ಕೈ ಹಿಡಿದು ಮಾರುಕಟ್ಟೆ ಬೀದಿಯ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿಯ ಮುದುಕರು ಒಳಗೆ ತಿರುಗುವ ಸಾಣೆಕಲ್ಲಿನ ಮುಂದೆ ಕೂತಿದ್ದರು. ಕಲ್ಲಿನ ಮೇಲೆ ತೊಟ್ಟುತೊಟ್ಟಾಗಿ ನೀರು ಬೀಳುತ್ತಿತ್ತು. ಅವರು ದುಂಡನೆಯ ಗಾಜನ್ನು ಎರಡು ಬೆರಳಲ್ಲಿ ಹಿಡಿದು ಕಲ್ಲಿಗೆ ತಾಗಿಸಿದರೆ ಸರ್ ಎಂಬ ಸದ್ದು, ಬಿಳಿ ಕೆಸರು. ನೋಡನೋಡುತ್ತಿದ್ದಂತೆ ಗಾಜು ಫ್ರೇಮಿನ ಆಕಾರಕ್ಕೆ ಬಂತು. ಬಿಸಿ ಮರಳಿನಲ್ಲಿ ಫ್ರೇಮು ಮೆತ್ತಗೆ ಮಾಡಿ, ಟಕ್ಕೆಂದು ಗಾಜು ಕೂರಿಸಿ, ಅಪ್ಪನ ಮೂಗಿನ ಮೇಲಿಟ್ಟರು. ಅಪ್ಪ ಸುತ್ತಮುತ್ತ ನೋಡಿದರು. ಆಮೇಲೆ ಮಗಳ ಮುಖ ನೋಡಿ, "ನೀನು ಚಿಕ್ಕೋಳು" ಎಂದರು. ಮಣಿಕಟ್ಟಿನ ದಾರ ಹೋಗಿ ಎಷ್ಟೋ ವರ್ಷವಾಗಿತ್ತು. ಅಪ್ಪ ಹೇಗೆ ಗುರುತು ಹಿಡಿದರೋ. ಬಂದದ್ದು ಚಿಕ್ಕವಳೇ ಎಂದು ಅವರಿಗೆ ಮೊದಲೇ ಗೊತ್ತಿದ್ದಿರಬಹುದು. ಆದರೆ ಅವಳ ಎದೆಗೆ ಆ ಮಾತು ನಾಟಿತು. ಮಾರನೇ ದಿನ ಒಬ್ಬಳೇ ಹೋಗಿ ಮುದುಕರನ್ನು ಕೇಳಿದಳು, "ನನಗೂ ಇದನ್ನ ಕಲಿಸ್ತೀರಾ?"

ಮುದುಕರು ಕಲಿಸಿದರು. ಮೊದಲ ವರ್ಷ ಅವಳ ಬೆರಳ ತುದಿಗಳಲ್ಲಿ ಗಾಯ ಮಾಗುವುದೇ ಇರಲಿಲ್ಲ. ಎಂಟು ವರ್ಷದ ಮೇಲೆ ಮುದುಕರು ಅಂಗಡಿಯನ್ನು ಅವಳಿಗೇ ವಹಿಸಿ ಮಗನ ಊರಿಗೆ ಹೋದರು. ಅಷ್ಟರಲ್ಲಿ ಅಕ್ಕ ಲೆಕ್ಕದ ಟೀಚರ್ ಆಗಿ, ಅಂಚೆ ಕಚೇರಿಯ ಗುಮಾಸ್ತನನ್ನು ಮದುವೆಯಾಗಿ, ಎರಡು ಬೀದಿ ಆಚೆ ಮನೆ ಮಾಡಿದ್ದಳು. ತಂಗಿ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಮನೆಯಲ್ಲಿ ಒಬ್ಬಳಾದ್ರೂ ಬೇರೆ ಥರ ಇರಬೇಡ್ವಾ?" ಎಂದು ನಗುತ್ತಿದ್ದಳು. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ಹೋದ ಮೇಲೆ ಆ ಮನೆಯಲ್ಲಿ ಒಬ್ಬಳೇ ಇದ್ದು, ಗೋಡೆಗೆ ತನಗೆ ಬೇಕಾದ ಹಳದಿ ಬಣ್ಣ ಹೊಡೆಸಿಕೊಂಡು ಹಾಯಾಗಿದ್ದಳು.

ಆದರೆ ಬೀದಿಗೆ ಇಳಿದರೆ ಸಾಕು, ಮುಖ ಅಕ್ಕನದೇ. ತರಕಾರಿ ಕೊಳ್ಳಲು ನಿಂತರೆ ತಾಯಂದಿರು ಬಂದು, "ನನ್ನ ಮಗನಿಗೆ ಭಿನ್ನರಾಶಿ ತಲೆಗೇ ಹೋಗ್ತಿಲ್ಲ" ಎಂದು ಗೋಳು ತೋಡಿಕೊಳ್ಳುತ್ತಿದ್ದರು. ಅತ್ತ ಅಕ್ಕ ಬಸ್ಸಿಗೆ ನಿಂತಿದ್ದರೆ ಯಾರೋ ಒಂದು ಕಡ್ಡಿ ಮುರಿದ ಕನ್ನಡಕ ಅವಳ ಕೈಯಲ್ಲಿಟ್ಟು, "ನಾಳೆಗೆ ಆಗುತ್ತಾ?" ಎನ್ನುತ್ತಿದ್ದರು. ಅಕ್ಕ ವಿವರಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಕೈಚೀಲಕ್ಕೆ ಹಾಕಿಕೊಂಡು, ಸಂಜೆ ತಂಗಿಯ ಅಂಗಡಿಗೆ ಬಂದು ಒಂದೊಂದೇ ಹೊರಗೆ ತೆಗೆದು ಮೇಜಿನ ಮೇಲಿಡುತ್ತಿದ್ದಳು. "ಇದು ಬೇಕರಿಯವನದು, ಸ್ಕ್ರೂ ಬಿದ್ದಿದೆ. ಇದು ಯಾರದೋ, ಹೆಸರು ಕೇಳೋಕೆ ಮರೆತೆ. ದಪ್ಪ ಮೂಗಿನೋರು." ತಂಗಿಯೂ ತನ್ನ ಪಾಲಿನ ಬಟವಾಡೆ ಮಾಡುತ್ತಿದ್ದಳು. "ಮೂಲೆ ಮನೆಯವರ ಮಗಳು ಪರೀಕ್ಷೆ ದಿನ ಜ್ವರ ಬಂದು ಮಲಗಿದ್ದಳಂತೆ. ಅದೇನೋ ಅರ್ಜಿ ಕೊಟ್ಟಿದ್ದಾರೆ, ತಗೋ."

ಭಾವನಿಗೂ ಒಮ್ಮೆ ಗುರುತು ತಪ್ಪಿತ್ತು. ತಂಗಿ ಯಾವುದೋ ಕೆಲಸಕ್ಕೆ ಹೊರಗೆ ಹೋದಾಗ ಅಕ್ಕ ಅಂಗಡಿಯಲ್ಲಿ ಕೂತಿದ್ದಳು. ಭಾವ ಬಂದು, ಸ್ಟೂಲ್ ಎಳೆದುಕೊಂಡು, "ನಿಮ್ಮ ಅಕ್ಕನ ಹತ್ರ ಮಾತಾಡಿ ಗೆಲ್ಲೋಕಾಗಲ್ಲಮ್ಮ, ನೀವೇ ಸ್ವಲ್ಪ ಹೇಳಿ" ಎಂದು ಕಾಲು ಗಂಟೆ ದೂರು ಹೇಳಿದ್ದರು. ಅಕ್ಕ ಎಲ್ಲವನ್ನೂ ಕೇಳಿ, "ಆಯ್ತು, ಹೇಳ್ತೀನಿ. ನೀವು ಮನೆಗೆ ನಡೀರಿ" ಎಂದಿದ್ದಳು. ಆ ದನಿ ಕೇಳಿದಾಗ ಭಾವನ ಮುಖ ಹೇಗಿತ್ತು ಎಂದು ಅಕ್ಕ ನಟಿಸಿ ತೋರಿಸಿದರೆ ತಂಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ನಗು ಬೇರೆ, ಒಳಗಿನ ಕಿರಿಕಿರಿ ಬೇರೆ. ನಲವತ್ತು ದಾಟಿದಾಗ ತಂಗಿ ತನಗಾಗಿ ಒಂದು ಕೆಂಪು ಫ್ರೇಮು ತರಿಸಿಕೊಂಡಳು. ದೂರದಿಂದಲೇ ಕಣ್ಣಿಗೆ ಹೊಡೆಯುವಂಥ ಕೆಂಪು. ಒಂದು ವಾರ ಜನ ಅವಳನ್ನು ಸರಿಯಾಗಿ ಗುರುತು ಹಿಡಿದರು. ಎಂಟನೇ ದಿನ ಅಕ್ಕ ಬಂದು, "ನನಗೂ ಇಂಥದ್ದೇ ಒಂದು ಮಾಡ್ಕೊಡೇ" ಎಂದಳು.

"ಇಷ್ಟು ದೊಡ್ಡ ಪ್ರಪಂಚದಲ್ಲಿ ನಿನಗೆ ಬೇರೆ ಬಣ್ಣವೇ ಸಿಗಲಿಲ್ವಾ?"

"ನಿನ್ನ ಮುಖದ ಮೇಲೆ ಚೆನ್ನಾಗಿ ಕಾಣ್ತು. ಕನ್ನಡಿ ನೋಡೋ ಕೆಲಸ ಉಳೀತು."

ತಂಗಿ ಮುಖ ಊದಿಸಿಕೊಂಡೇ ಮಾಡಿಕೊಟ್ಟಳು. ಅಕ್ಕನ ಕನ್ನಡಕಗಳನ್ನೆಲ್ಲ ಅವಳು ಮಾಡುತ್ತಿದ್ದದ್ದು ಹಾಗೆಯೇ. ಪವರ್ ಎಷ್ಟೆಂದು ಡಾಕ್ಟರು ಬರೆದುಕೊಡುತ್ತಿದ್ದರು. ಉಳಿದ ಅಳತೆಗೆ ಅಕ್ಕನನ್ನು ಕರೆದು ಕೂರಿಸುವ ಅಗತ್ಯವೇ ಇರಲಿಲ್ಲ. ತನ್ನ ಮೂಗಿಗೆ ಇಟ್ಟು ನೋಡಿದರೆ ಮುಗಿಯಿತು.

ಜಗಳ ಬಂದದ್ದು ಒಬ್ಬ ಹುಡುಗಿಯ ವಿಷಯದಲ್ಲಿ. ಒಂದು ಸಂಜೆ ಬೀದಿಯಲ್ಲಿ ಒಬ್ಬ ತಾಯಿ ತಂಗಿಯನ್ನು ತಡೆದು ನಿಲ್ಲಿಸಿದಳು. ಪಕ್ಕದಲ್ಲಿ ಹತ್ತು ಹನ್ನೊಂದು ವರ್ಷದ ಮಗಳು, ತಲೆ ತಗ್ಗಿಸಿಕೊಂಡು. "ಟೀಚರ್, ಇವಳು ಬೋರ್ಡಿನ ಮೇಲಿರೋದನ್ನ ತಪ್ಪು ತಪ್ಪಾಗಿ ಬರ್ಕೊಂಡು ಬರ್ತಾಳೆ. ಮೂರನ್ನ ಎಂಟು ಮಾಡ್ತಾಳೆ. ದಡ್ಡಿ ಅಂತ ಅವರಪ್ಪ ದಿನಾ ಬೈತಾರೆ. ಏನ್ ಮಾಡ್ಲಿ?" ತಂಗಿ ನಾನು ಟೀಚರ್ ಅಲ್ಲ ಎನ್ನಲು ಬಾಯಿ ತೆರೆದವಳು ಹಾಗೇ ನಿಂತಳು. ಹುಡುಗಿ ಎದುರಿನ ಅಂಗಡಿಯ ಫಲಕವನ್ನು ಓದಲು ಕಣ್ಣು ಕಿರಿದು ಮಾಡಿ, ಕತ್ತನ್ನು ಒಂದು ಬದಿಗೆ ವಾಲಿಸುತ್ತಿದ್ದಳು.

"ಇವಳು ದಡ್ಡಿ ಅಲ್ಲ. ಇವಳಿಗೆ ಬೋರ್ಡ್ ಕಾಣ್ತಿಲ್ಲ. ನಾಳೆಯೇ ಕಣ್ಣಿನ ಡಾಕ್ಟರಿಗೆ ತೋರಿಸಿ" ಎಂದಳು.

ಹುಡುಗಿಗೆ ಎರಡೂ ಕಣ್ಣು ಮಂದ, ಒಂದು ಬಹಳವೇ ಮಂದವಾಗಿತ್ತು. ಇನ್ನೂ ತಡ ಮಾಡಿದ್ದರೆ ಆ ಕಣ್ಣು ಕೆಲಸವನ್ನೇ ಮರೆತುಬಿಡುತ್ತಿತ್ತು ಎಂದರಂತೆ ಡಾಕ್ಟರು. ಕನ್ನಡಕ ಬಂತು, ಮೂರು ಮೂರಾಗಿಯೇ ಉಳಿಯಿತು. ಸುದ್ದಿ ಊರೆಲ್ಲ ಹಬ್ಬಿತು. ಹಬ್ಬಿದ್ದು ಲೆಕ್ಕದ ಟೀಚರ್ ಹೆಸರಿನಲ್ಲಿ.

ಪೋಷಕರ ಸಭೆಗೆ ಅಕ್ಕ ತಂಗಿಯನ್ನೂ ಕರೆದಿದ್ದಳು. ಹೆಡ್‌ಮಾಸ್ಟರ್ ಎದ್ದು ನಿಂತು, ಪಾಠದ ಜೊತೆಗೆ ಮಗುವಿನ ಕಣ್ಣನ್ನೂ ನೋಡಿದ ಟೀಚರ್ ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಎದ್ದಳು, ಜಾರುತ್ತಿದ್ದ ಕನ್ನಡಕವನ್ನು ಬೆರಳಿನಿಂದ ಮೇಲೆ ತಳ್ಳಿದಳು, ತಲೆಬಾಗಿದಳು, ಕೂತಳು. ಕೊನೆಯ ಸಾಲಿನಲ್ಲಿದ್ದ ತಂಗಿ ಈಗ ಹೇಳುತ್ತಾಳೆ, ಇನ್ನೇನು ಹೇಳುತ್ತಾಳೆ ಎಂದು ಕಾದಳು. ಅಕ್ಕ ಹೇಳಲೇ ಇಲ್ಲ.

ಮನೆಗೆ ಹೋಗುವ ದಾರಿಯಲ್ಲಿ ತಂಗಿಗೆ ತಡೆಯಲಾಗಲಿಲ್ಲ. "ಹೇಳಬಹುದಿತ್ತಲ್ಲ, ತಂಗಿ ಕಂಡುಹಿಡಿದಿದ್ದು ಅಂತ."

"ಅಷ್ಟು ಜನರ ಮುಂದೆ ಹೆಡ್‌ಮಾಸ್ಟರನ್ನ ತಿದ್ದೋದಾ?"

"ಹುಡುಗರು ತಪ್ಪು ಮಾಡಿದ್ರೆ ಎಷ್ಟು ಜನರ ಮುಂದೆ ಬೇಕಾದ್ರೂ ತಿದ್ದುತ್ತೀಯಲ್ಲ!"

"ಅಯ್ಯೋ, ನೀನು ಹೇಳಿದ್ರೇನು, ನಾನು ಹೇಳಿದ್ರೇನು? ಎರಡೂ ಒಂದೇ ಅಲ್ವೇನೇ?"

ತಂಗಿ ನಡುಬೀದಿಯಲ್ಲಿ ನಿಂತುಬಿಟ್ಟಳು. "ಒಂದೇ ಅಂತ ಊರೋರು ಹೇಳಲಿ. ನೀನೂ ಹೇಳ್ತೀಯಾ?" ಎಂದವಳೇ ಬೇರೆ ದಾರಿ ಹಿಡಿದು ಹೋದಳು.

ಹತ್ತೊಂಬತ್ತು ದಿನ ಮಾತಿಲ್ಲ. ಜನ ತಪ್ಪಾಗಿ ಕೊಟ್ಟ ಕನ್ನಡಕಗಳನ್ನೂ ಅರ್ಜಿಗಳನ್ನೂ ಭಾವ ಹೊತ್ತು ತಿರುಗಿದರು. "ಆಫೀಸಲ್ಲೂ ಇದೇ ಕೆಲಸ, ಮನೆಗೆ ಬಂದ್ರೂ ಇದೇ ಕೆಲಸ" ಎಂದು ಅವರು ನಿಟ್ಟುಸಿರು ಬಿಟ್ಟರೂ ಇಬ್ಬರೂ ನಗಲಿಲ್ಲ.

ಇಪ್ಪತ್ತನೇ ದಿನ ಬೆಳಿಗ್ಗೆ, ತಂಗಿ ಅಂಗಡಿಯ ಕಸ ಗುಡಿಸುತ್ತಿದ್ದಾಗ, ಭಾವ ಏದುಸಿರು ಬಿಡುತ್ತಾ ಬಂದರು. ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ. "ನಿಮ್ಮ ಅಕ್ಕನ ಮುಖ..." ಎಂದರು, ಮುಂದೆ ಮಾತು ಹೊರಡಲಿಲ್ಲ. ತಂಗಿಯ ಕೈಯ ಪೊರಕೆ ಅಲ್ಲೇ ಬಿತ್ತು. ಬಾಗಿಲು ಹಾಕುವುದನ್ನೂ ಮರೆತು ಓಡಿದಳು.

ಅಕ್ಕ ಬಾಯಿ ಮುಕ್ಕಳಿಸಲು ನೀರು ತುಂಬಿಕೊಂಡರೆ ಅದು ಎಡಬದಿಯಿಂದ ತಾನಾಗಿಯೇ ಸುರಿದಿತ್ತು. ಮುಖದ ಎಡಭಾಗ ಜೋತುಬಿದ್ದಿತ್ತು. ತುಟಿ ಬಲಕ್ಕೆ ಎಳೆದುಕೊಂಡಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕೈಕಾಲು ಎತ್ತಿಸಿ, ಹಣೆ ಸುಕ್ಕು ಮಾಡಿಸಿ, ಎಲ್ಲ ಪರೀಕ್ಷಿಸಿ, "ಗಾಬರಿ ಬೇಡ, ಇದು ಲಕ್ವ ಅಲ್ಲ. ಮುಖದ ನರ ಊದಿಕೊಂಡಿದೆ. ವಾಸಿಯಾಗುತ್ತೆ. ವಾರಗಳಾಗಬಹುದು, ತಿಂಗಳುಗಳಾಗಬಹುದು. ಆ ಕಣ್ಣನ್ನ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡ್ಕೊಳ್ಳಿ. ಗಾಳಿ, ಧೂಳು ಬಿದ್ದು ಒಣಗಬಾರದು" ಎಂದರು.

ಅಕ್ಕ ಮನೆಗೆ ಬಂದವಳೇ ಕೋಣೆಯ ಪರದೆ ಎಳೆದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಶಾಲೆಗೆ ರಜೆ ಅರ್ಜಿ ಹೋಯಿತು. ನೋಡಲು ಬಂದವರನ್ನು ಭಾವ ಬಾಗಿಲಿನಿಂದಲೇ ಕಳಿಸಿದರು.

ತಂಗಿ ಆ ಕಣ್ಣಿಗೊಂದು ಕನ್ನಡಕ ಮಾಡಲು ಕೂತಳು. ಎಡಗಾಜಿನ ಸುತ್ತ ಮೆತ್ತನೆಯ ರಬ್ಬರಿನ ಅಂಚು ಕೂರಿಸಿ, ಕೆನ್ನೆಗೂ ಹುಬ್ಬಿಗೂ ಅಂಟಿಕೊಳ್ಳುವ ಹಾಗೆ, ಗಾಳಿ ನುಗ್ಗದ ಹಾಗೆ. ಎಂದಿನಂತೆ ತನ್ನ ಮುಖಕ್ಕೆ ಇಟ್ಟು ನೋಡಿ ಸರಿಮಾಡಿದಳು. ಅಚ್ಚುಕಟ್ಟಾಗಿ ಕೂತಿತು. ಅಕ್ಕನಿಗೆ ಹಾಕಿದರೆ ಪಕ್ಕದಲ್ಲಿ ಬೆರಳು ತೂರುವಷ್ಟು ಸಂದು! ಮುಖ ಜೋತುಬಿದ್ದಿದೆಯಲ್ಲ, ಅದಕ್ಕೇ ಎಂದುಕೊಂಡು ಇನ್ನೊಂದು ಮಾಡಿದಳು. ಅದೂ ಕೂರಲಿಲ್ಲ. ಮೂರನೆಯದೂ ಕೂರಲಿಲ್ಲ. ಆಮೇಲೆ ಅಳತೆಪಟ್ಟಿ, ಕಾಗದ, ಪೆನ್ಸಿಲ್ ತಂದು, ಪರದೆ ಸರಿಸಿ, ಅಕ್ಕನನ್ನು ಕಿಟಕಿಯ ಬೆಳಕಿಗೆ ಕೂರಿಸಿದಳು.

"ಅಲ್ಲಾಡಬೇಡ."

"ನೋಡ್ಬೇಡ ಕಣೇ, ಅಸಹ್ಯವಾಗಿದೆ" ಎಂದಳು ಅಕ್ಕ. ತುಟಿ ಸರಿಯಾಗಿ ಕೂಡದೆ ಮಾತು ತೊದಲಿತು.

"ನೋಡ್ದೆ ಅಳತೆ ತಗೊಳ್ಳೋ ವಿದ್ಯೆ ನನಗೆ ಗೊತ್ತಿಲ್ಲ."

ಊರಿನ ಎಷ್ಟೋ ಸಾವಿರ ಮುಖಗಳನ್ನು ಅಳೆದಿದ್ದವಳು ಅಂದು ಮೊದಲ ಸಲ ಅಕ್ಕನ ಮುಖ ಅಳೆದಳು. ಜೋತುಬೀಳದ ಬಲಭಾಗದಿಂದಲೇ ಶುರುಮಾಡಿದಳು. ಕನ್ನಡಕ ಕೂರುವ ಕಡೆ ಅಕ್ಕನ ಮೂಗು ತನ್ನದಕ್ಕಿಂತ ಎರಡು ಮಿಲಿಮೀಟರ್ ಸಣ್ಣ. ಕಣ್ಣುಗಳ ನಡುವಿನ ಅಂತರ ಮೂರು ಮಿಲಿಮೀಟರ್ ಕಡಿಮೆ. ಎಡಗಿವಿ ಬಲಗಿವಿಗಿಂತ ಒಂದು ಕಾಳಿನಷ್ಟು ಮೇಲೆ. ಬರೆದುಕೊಂಡದ್ದನ್ನು ಮತ್ತೊಮ್ಮೆ ಅಳೆದಳು. ಅದೇ ಬಂತು.

ಪೆನ್ಸಿಲ್ ಕೆಳಗಿಟ್ಟಳು. ಇಪ್ಪತ್ತೈದು ವರ್ಷದಿಂದ ಅಕ್ಕನ ಕನ್ನಡಕ ಜಾರುತ್ತಲೇ ಇತ್ತು. ಬೆರಳಿನಿಂದ ಅದನ್ನು ಮೇಲೆ ತಳ್ಳುವ ಅಕ್ಕನ ರೀತಿಯನ್ನು ಶಾಲೆಯ ಪ್ರತಿಯೊಂದು ಮಗುವೂ ಅಣಕಿಸುತ್ತಿತ್ತು. ಸಂಜೆಯಾದರೆ ಅಕ್ಕನಿಗೆ ತಲೆನೋವು. ಕೊನೆಯ ಪಿರಿಯಡ್ಡಿನಲ್ಲಿ ಲೆಕ್ಕದ ಟೀಚರ್ ಹತ್ತಿರ ಸುಳಿಯಬೇಡಿ ಎಂದು ಹಳೆಯ ಹುಡುಗರು ಹೊಸಬರಿಗೆ ಹೇಳಿಕೊಡುತ್ತಿದ್ದರು. ಅದಕ್ಕೆಲ್ಲ ಕಾರಣ ಲೆಕ್ಕವೂ ಅಲ್ಲ, ಹುಡುಗರೂ ಅಲ್ಲ.

"ನಿನಗೆ ಕನ್ನಡಕ ಸರಿ ಕೂರ್ತಿರಲಿಲ್ಲ ಅಲ್ವಾ?" ಎಂದಳು ತಂಗಿ.

"ಯಾವಾಗ?"

"ಯಾವಾಗ್ಲೂ."

"ಕೂರ್ತಿರಲಿಲ್ಲ."

"ಹೇಳೋಕೇನಾಗಿತ್ತು?"

"ನೀನು ಅಷ್ಟು ಪ್ರೀತಿಯಿಂದ ಮಾಡ್ಕೊಡ್ತಿದ್ದೆ. ನನ್ನ ಮೂಗೇ ಸರಿಯಿಲ್ಲ ಅನ್ಕೊಂಡೆ."

ತಂಗಿ ಅಳತೆಪಟ್ಟಿಯನ್ನು ಮಡಿಲಿಗೆ ಹಾಕಿಕೊಂಡು ಕೂತಳು. ನನ್ನನ್ನು ಯಾರೂ ಸರಿಯಾಗಿ ನೋಡುವುದಿಲ್ಲ, ಎಲ್ಲರೂ ಅಕ್ಕ ಎಂದುಕೊಳ್ಳುತ್ತಾರೆ ಎಂದು ಐವತ್ತು ವರ್ಷ ಊರಿನವರ ಮೇಲೆ ಹಲ್ಲು ಕಡಿದಿದ್ದಳು. ಆದರೆ ಅಕ್ಕನ ಮುಖವೂ ತನ್ನದೇ ಮುಖ ಎಂದು ಅವಳೇ ಎಣಿಸಿದ್ದಳು. ಊರಿನವರಾದರೂ ದೂರದಿಂದ ನೋಡಿದವರು.

"ತಪ್ಪು ನನ್ನದು ಕಣೇ" ಎಂದಳು. ಕಣ್ಣಲ್ಲಿ ನೀರು ತುಂಬಿ ಅಳತೆಪಟ್ಟಿಯ ಗೆರೆಗಳು ಕಲಸಿಹೋದವು. ಅಕ್ಕ ಅವಳ ತಲೆಯನ್ನು ಮೊಟಕಿ, "ಮೊದಲು ಕನ್ನಡಕ ಮಾಡು, ಆಮೇಲೆ ಅಳು" ಎಂದಳು.

ನಾಲ್ಕನೆಯ ಕನ್ನಡಕ ಕೂತಿತು. ಅಕ್ಕ ಬಗ್ಗಿದಳು, ತಲೆ ಅಲ್ಲಾಡಿಸಿದಳು, ಅದು ಜಾರಲಿಲ್ಲ. ಆದರೂ ಅವಳ ಬೆರಳು ಅಭ್ಯಾಸಬಲದಿಂದ ಮೂಗಿನ ಹತ್ತಿರ ಹೋಗಿ, ಕೆಲಸವಿಲ್ಲದೆ ವಾಪಸು ಬಂತು.

ಕನ್ನಡಕ ಬಂದರೂ ಅಕ್ಕ ಹೊಸ್ತಿಲು ದಾಟಲಿಲ್ಲ. ಇತ್ತ ಬೀದಿಯಲ್ಲಿ ತಂಗಿಯನ್ನು ಕಂಡವರು, "ನೀವು ಕನ್ನಡಕದಕ್ಕ ಅಲ್ವಾ? ಟೀಚರ್ ಮುಖ ಸೊಟ್ಟಗಾಗಿದೆಯಂತಲ್ಲ" ಎನ್ನತೊಡಗಿದರು. ಮೂಲೆಯ ಹುಡುಗರು ಇವಳನ್ನು ನೋಡಿಯೂ ಆರಾಮಾಗಿ ಹೊಗೆ ಬಿಡುತ್ತಿದ್ದರು. ಜೀವಮಾನವಿಡೀ ಬೇಡಿಕೊಂಡದ್ದು ಕೊನೆಗೂ ಕೈಗೆ ಬಂದಿತ್ತು. ಆದರೆ ಅದು ಹೀಗೆ ಬರುವುದು ಅವಳಿಗೆ ಬೇಕಿರಲಿಲ್ಲ. ಒಂದು ದಿನ ಹುಡುಗರ ಮುಂದೆ ನಿಂತು ಅಕ್ಕನ ಗತ್ತಿನಲ್ಲೇ, "ಬಿಸಾಕ್ರೋ ಅದನ್ನ!" ಎಂದು ಗದರಿದಳು. ಮೂರೂ ಸಿಗರೇಟು ಚರಂಡಿಗೆ ಬಿದ್ದವು.

ಒಂದೂವರೆ ತಿಂಗಳಾದ ಮೇಲೆ ಅವಳು ಅಕ್ಕನನ್ನು ಕೇಳಿಯೇಬಿಟ್ಟಳು. "ಎಷ್ಟು ದಿನ ಹೀಗೆ? ಯಾರಾದ್ರೂ ನಗ್ತಾರೆ ಅಂತ ಭಯಾನಾ?"

"ನನ್ನನ್ನ ನೋಡಿ ನಕ್ರೆ ನಗಲಿ. ಆದ್ರೆ ನಾನು ಹೀಗೆ ಬೀದಿಗೆ ಹೋದ್ರೆ, ಜನ ನಿನ್ನ ಮುಖ ನೋಡಿದಾಗ್ಲೂ ಇದೇ ನೆನಪಾಗಿ ನಗ್ತಾರಲ್ಲ. ನಿನಗೆ ಮೊದಲೇ ನನ್ನಿಂದ ಸಾಕಷ್ಟು ಆಗಿದೆ."

ತಂಗಿ ಸೊಂಟದ ಮೇಲೆ ಕೈಯಿಟ್ಟು, "ನನ್ನ ಮುಖ ನಾನು ನೋಡ್ಕೋತೀನಿ. ನಿನ್ನದನ್ನ ನೀನು ಹೊತ್ಕೊಂಡು ಬಾ" ಎಂದಳು.

ಸೋಮವಾರ ಇಬ್ಬರೂ ಒಟ್ಟಿಗೆ ಹೊರಟರು. ಅಕ್ಕ ರಬ್ಬರ್ ಅಂಚಿನ ಕನ್ನಡಕ ಹಾಕಿಕೊಂಡಿದ್ದಳು. ಜನ ನಿಂತು ನೋಡಿದರು, ಕೆಲವರು ಮರುಕದ ಮುಖ ಮಾಡಿದರು, ಯಾರೂ ನಗಲಿಲ್ಲ. ಶಾಲೆಯ ಗೇಟಿನವರೆಗೆ ಬಿಟ್ಟು ತಂಗಿ ಅಂಗಡಿಗೆ ಹೋದಳು. ಇಡೀ ದಿನ ಅವಳಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಒಂದು ಒಳ್ಳೆಯ ಗಾಜು ಒಡೆಯಿತು.

ಸಂಜೆ ಅಕ್ಕನಿಗಿಂತ ಮೊದಲು ಬಂದದ್ದು ಆ ಮಂದಗಣ್ಣಿನ ಹುಡುಗಿ ಮತ್ತು ಅವಳ ತಾಯಿ. ಹುಡುಗಿ ಒಂದೇ ಉಸಿರಿಗೆ ಒದರಿದಳು. "ಟೀಚರ್ ಇವತ್ತು ಬೋರ್ಡ್ ಮೇಲೆ ಒಂದು ದೊಡ್ಡ ಮುಖ ಬರೆದ್ರು. ನರ ಹೇಗೆ ಹೋಗುತ್ತೆ ಅಂತ ತೋರಿಸಿದ್ರು. ಪ್ರಶ್ನೆ ಇದ್ರೆ ಈಗಲೇ ಕೇಳಿ, ನಾಳೆಯಿಂದ ಭಿನ್ನರಾಶಿ ಅಂದ್ರು. ಈ ಕನ್ನಡಕ ಮಾಡಿದ್ದು ನನ್ನ ತಂಗಿ ಅಂದ್ರು. ಆಮೇಲೆ ನನ್ನನ್ನ ಎದ್ದು ನಿಲ್ಲಿಸಿ, ಇವಳ ಕಣ್ಣಿನ ತೊಂದರೆ ಕಂಡುಹಿಡಿದವಳೂ ಅವಳೇ, ಅವತ್ತು ಸಭೆಯಲ್ಲಿ ನಾನು ಹೇಳದೇ ಇದ್ದದ್ದು ತಪ್ಪು, ಬರ್ಕೊಳ್ಳಿ ಅಂದ್ರು. ನಾವೆಲ್ಲ ಬರ್ಕೊಂಡ್ವಿ!" ಹುಡುಗಿ ನೋಟ್‌ಬುಕ್ ತೆರೆದು ತೋರಿಸಿದಳು. ನಿಜಕ್ಕೂ ಬರೆದುಕೊಂಡಿದ್ದಳು, ಲೆಕ್ಕಗಳ ನಡುವೆ, ಅಡಿಗೆರೆ ಎಳೆದು.

ತಾಯಿ ತಂಗಿಯ ಎರಡೂ ಕೈ ಹಿಡಿದುಕೊಂಡಳು. "ನನಗೆ ಗೊತ್ತೇ ಆಗ್ಲಿಲ್ಲ, ಅಕ್ಕಾ."

"ನಿಮಗೊಬ್ಬರಿಗೇ ಅಲ್ಲ ಬಿಡಿ" ಎಂದು ತಂಗಿ ಕಣ್ಣೊರೆಸಿಕೊಂಡಳು.

ಅಕ್ಕನ ಮುಖ ನಾಲ್ಕು ತಿಂಗಳಲ್ಲಿ ಬಹುಮಟ್ಟಿಗೆ ಸರಿಹೋಯಿತು. ಪೂರ್ತಿ ಅಲ್ಲ. ನಕ್ಕರೆ ಎಡತುಟಿ ಸ್ವಲ್ಪ ತಡವಾಗಿ ಬರುತ್ತದೆ, ಯಾರೋ ಹಿಂದಿನಿಂದ ಕರೆದ ಮೇಲೆ ತಿರುಗಿ ನೋಡಿದ ಹಾಗೆ. ತಂಗಿ ಅವಳಿಗೆ ಅವಳದೇ ಅಳತೆಯಲ್ಲಿ ಹೊಸ ಕನ್ನಡಕ ಮಾಡಿಕೊಟ್ಟಳು. ಬಣ್ಣ ಯಾವುದು ಬೇಕು ಎಂದು ಕೇಳಿದಾಗ ಅಕ್ಕ ಮೊದಲ ಸಲ ಕನ್ನಡಿಯ ಮುಂದೆ ಅರ್ಧ ಗಂಟೆ ಕೂತು, ಹದಿನಾಲ್ಕು ಫ್ರೇಮು ಹಾಕಿ ತೆಗೆದು, ಕಡುನೀಲಿಯದೊಂದನ್ನು ಆರಿಸಿದಳು. ತಲೆನೋವು ಬಿಟ್ಟಿತು. ಕೊನೆಯ ಪಿರಿಯಡ್ಡಿನ ಟೀಚರ್ ಇಷ್ಟು ಮೆತ್ತಗಾದದ್ದು ಹೇಗೆ ಎಂದು ಹುಡುಗರು ಕೆಲವು ದಿನ ಅನುಮಾನದಿಂದಲೇ ನೋಡಿದರು.

ಅಕ್ಕ ನಿವೃತ್ತಳಾಗಿ ಈಗ ಎರಡು ವರ್ಷ. ಮನೆಯಲ್ಲಿ ಕೂರಲಾಗದೆ ಬೆಳಿಗ್ಗೆ ಹತ್ತಕ್ಕೆ ತಂಗಿಯ ಅಂಗಡಿಗೆ ಬರುತ್ತಾಳೆ. ಗೋಡೆಯ ಅಕ್ಷರಫಲಕದ ಪಕ್ಕ ಕೋಲು ಹಿಡಿದು ನಿಲ್ಲುವುದು ಅವಳೇ ವಹಿಸಿಕೊಂಡ ಕೆಲಸ. ಕಾಣದ ಅಕ್ಷರವನ್ನು ಊಹಿಸಿ ಹೇಳಿದರೆ ಅವಳಿಗೆ ಆಗುವುದಿಲ್ಲ. "ಕಾಣ್ತಿದ್ಯೋ, ಬುರುಡೆ ಬಿಡ್ತಿದ್ದೀಯೋ?" ಎಂದು ಅರವತ್ತು ವರ್ಷದವರನ್ನೂ ಗದರುತ್ತಾಳೆ. "ಗಿರಾಕಿಗಳನ್ನೆಲ್ಲ ಓಡಿಸ್ತೀಯ" ಎಂದು ತಂಗಿ ಒಳಗಿನಿಂದ ಸಾಣೆಕಲ್ಲಿನ ಸದ್ದಿನ ಮೇಲೆ ಕೂಗುತ್ತಾಳೆ. ಗಿರಾಕಿಗಳೇನೂ ಓಡುವುದಿಲ್ಲ. ಅರ್ಧಕ್ಕರ್ಧ ಜನ ಅಕ್ಕನ ಕೈಯಲ್ಲಿ ಲೆಕ್ಕ ಕಲಿತವರೇ. ಬೈಸಿಕೊಂಡರೆ ಅವರಿಗೆ ಹಳೆಯ ಶಾಲೆಗೆ ಹೋಗಿಬಂದಷ್ಟು ಖುಷಿ.

ಮೊನ್ನೆ ಹೊಸದಾಗಿ ಊರಿಗೆ ಬಂದವರೊಬ್ಬರು ಕನ್ನಡಕ ಮಾಡಿಸಲು ಬಂದರು. ಬ್ಯಾಂಕಿನ ಮ್ಯಾನೇಜರ್. ಒಂದು ಕಡೆ ಕೋಲು ಹಿಡಿದು ನಿಂತ ನೀಲಿ ಕನ್ನಡಕದವಳು, ಇನ್ನೊಂದು ಕಡೆ ಗಾಜಿನ ಕೆಸರು ಮೆತ್ತಿದ ಕೈಯ ಕೆಂಪು ಕನ್ನಡಕದವಳು. ಇಬ್ಬರನ್ನೂ ಒಂದೆರಡು ಸಲ ನೋಡಿ ಅವರು ಸಂಕೋಚದಿಂದ ಕೇಳಿದರು, "ನೀವಿಬ್ಬರೂ ಸಂಬಂಧಿಕರಾ?"

ತಂಗಿ ಅಕ್ಕನ ಮುಖ ನೋಡಿದಳು. ಅಕ್ಕ ತಂಗಿಯ ಮುಖ ನೋಡಿದಳು.

"ಹೀಗೇ, ಪರಿಚಯ" ಎಂದಳು ಅಕ್ಕ ಗಂಭೀರವಾಗಿ. ತಂಗಿ ನಗು ತಡೆಯಲಾರದೆ ಮೇಜಿನ ಹಿಂದೆ ಕುಕ್ಕರಿಸಿದಳು. ಪಾಪ, ಮ್ಯಾನೇಜರ್ ಏನೂ ತಿಳಿಯದೆ ತಾವೂ ನಕ್ಕರು.

"ನಗೋದು ಆಮೇಲೆ" ಎಂದು ಅಕ್ಕ ಕೋಲಿನಿಂದ ಫಲಕ ತಟ್ಟಿದಳು. "ಎಡಗಣ್ಣು ಮುಚ್ಚಿ. ಮೂರನೇ ಸಾಲು ಓದಿ."